ಕರೆದರೆ ಓ ಅನ್ನಬಾರದಂತೆ

ಸೆಮಿ ಆಟೋಮ್ಯಾಟಿಕ್ ರೈಫಲುಗಳ ಮೇಲಿನ ನಿಷೇಧ ಇರಬೇಕೋ ಬೀಳಬೇಕೋ ಎಂದು ತೂಗುತ್ತಿರುವ ಅಮೆರಿಕದ ನ್ಯಾಯಪೀಠದ ಮಾನ್ಯರೇ,

ಯಾರಾದರೂ ಹೆಸರು ಹಿಡಿದು ಕರೆದರೆ ಓ ಅನ್ನಬೇಕು ಎಂದು ನಾನು ಒಂದು ಮಗುವಿಗೆ ಕಲಿಸಿದ್ದೆ. ಓ ಅಂದರೆ ನಿನ್ನಿಂದಾಗಿ ಇಡೀ ಕ್ಲಾಸೇ ಸಾಯುತ್ತದೆ ಎಂದು ನಿಮ್ಮ ರಾಜ್ಯದ ಶಾಲೆಯೊಂದು ಅದೇ ಮಗುವಿಗೆ ಕಲಿಸಿದೆ. ನನ್ನ ದೂರು ಇಷ್ಟೆ. ಉಳಿದದ್ದೆಲ್ಲ ಇದರ ವಿವರಣೆ.

ಆ ರೈಫಲುಗಳನ್ನು ಮಾರಬಾರದು ಎಂದು ನಿಮ್ಮ ರಾಜ್ಯದಲ್ಲಿ ಒಂದು ಕಾನೂನು ಉಂಟು. ಅದನ್ನು ರದ್ದು ಮಾಡಿ ಎಂದು ಕೆಲವರು ದಾವೆ ಹಾಕಿದ್ದಾರೆ. ಒಂದು ಕೋರ್ಟು ಕಾನೂನೇ ತಪ್ಪು ಅಂದಿತು. ಅದರ ಮೇಲಿನದ್ದು ಸದ್ಯಕ್ಕೆ ಇರಲಿ ಅಂದಿತು. ಈಗ ಅದು ನಿಮ್ಮ ಮೇಜಿಗೆ ಬಂದು ಕೂತಿದೆ, ನೀವು ತೀರ್ಪನ್ನು ಕಾದಿರಿಸಿದ್ದೀರಂತೆ. ನೀವು ಕಾದಿರಿಸಿದ್ದನ್ನು ಕಾಯುತ್ತಾ ಕೂತವಳು ನಾನು, ಕತಾರ್ ದೇಶದ ದೋಹಾದಲ್ಲಿ, ಅಲ್ ಮುಂತಜಾದ ಒಂದು ಹಳೆ ಕಟ್ಟಡದ ಎರಡನೆಯ ಮಹಡಿಯಲ್ಲಿ.

ಅಮೆರಿಕದ ಜಡ್ಜಿಗೆ ಕನ್ನಡದಲ್ಲಿ ಕಾಗದವೇ ಎಂದು ನೀವು ಕೇಳುವ ಮೊದಲೇ ನಮ್ಮ ಮನೆಯವರು ಕೇಳಿದರು. ಅವರು ಹಮದ್ ಬಂದರಿನಲ್ಲಿ ಕಂಟೈನರ್ ಎತ್ತುವ ಕ್ರೇನ್ ನಡೆಸುತ್ತಾರೆ. ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಾ ನಾನು ಬರೆದದ್ದನ್ನು ನೋಡಿ, "ಇಂಗ್ಲಿಷಿನಲ್ಲಿ ಬರೆದರೂ ಓದದವರು ನಿನ್ನ ಕನ್ನಡ ಓದುತ್ತಾರಾ ಮಾರಾಯ್ತಿ?" ಅಂದರು.

"ಓದುವುದೇ ಇಲ್ಲವಾದರೆ ಯಾವ ಭಾಷೆಯಾದರೇನು? ತಪ್ಪಿಲ್ಲದೆ ಬೈಯಲಿಕ್ಕೆ ನನಗೆ ಬರುವುದು ಇದೊಂದರಲ್ಲೇ" ಅಂದೆ.

"ಜಡ್ಜಿಗೆ ಬೈದರೆ ಒಳಗೆ ಹಾಕುತ್ತಾರೆ."

"ಹಾಕಲಿ. ಟಿಕೆಟು ಅವರದ್ದೇ ತಾನೆ? ಮಗುವನ್ನೂ ನೋಡಿದ ಹಾಗಾಯಿತು."

ಹೀಗಾಗಿ ಇದು ಊರಿನ ಪತ್ರಿಕೆಯಲ್ಲಿ ಬರುತ್ತಿದೆ. ನೀವು ಓದದಿದ್ದರೂ, ತಮ್ಮ ಮಕ್ಕಳು ಮೊಮ್ಮಕ್ಕಳನ್ನು ನಿಮ್ಮ ದೇಶದ ಶಾಲೆಗೆ ಕಳಿಸಿದ ನಮ್ಮೂರವರು ಓದಿಯಾರು.

ನಾನು ಕಾರ್ಕಳದ ಕಡೆಯವಳು. ಏಳನೆಯ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಕಲಿತಿದ್ದೇನೆ. ನನಗೆ ಮಕ್ಕಳಿಲ್ಲ. ದೇವರು ಕೊಡಲಿಲ್ಲ, ಕೊಡದೆ ಇದ್ದದ್ದಕ್ಕೆ ಅವನ ಹತ್ತಿರ ಜಗಳ ಮಾಡಿ, ಆಮೇಲೆ ರಾಜಿ ಮಾಡಿಕೊಂಡು, ದಿನಾ ದೀಪ ಹಚ್ಚುವವಳು ನಾನು. ನಮ್ಮ ಎದುರು ಮನೆಯಲ್ಲಿ ಶಿರ್ವದ ಕಡೆಯ ಮೆಲನಿ, ಯೂಸ್ಟೇಸ್ ಎಂಬ ಗಂಡ ಹೆಂಡತಿ ಇದ್ದರು. ಮೆಲನಿ ಆಸ್ಪತ್ರೆಯಲ್ಲಿ ನರ್ಸು, ಯೂಸ್ಟೇಸ್ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅವರ ಮಗಳು ಜೆನಿಟಾ. ತಾಯಿಗೆ ಡ್ಯೂಟಿ ಶುರುವಾದ ಮೇಲೆ ಆ ಮಗು ಬೆಳೆದದ್ದು ನನ್ನ ಮಡಿಲಲ್ಲಿ. ಮೆಲನಿ ನನ್ನನ್ನು ಸ್ವರ್ಣಕ್ಕ ಎಂದು ಕರೆಯುತ್ತಿದ್ದಳು. ಮಗುವಿನ ಬಾಯಲ್ಲಿ ಅದು ಸೊನ್ನಕ್ಕ ಆಯಿತು. ಸೊನ್ನೆಯಾದರೂ ಆ ಬಾಯಿಂದ ಕೇಳಲಿಕ್ಕೆ ಚೆಂದವೇ.

ಮನೆಯಲ್ಲಿ ಅವರದ್ದು ಕೊಂಕಣಿ, ನನ್ನದು ತುಳು, ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಆ ಮಗುವಿಗೆ ಯಾವುದೂ ಪೂರ್ತಿ ಬರುತ್ತಿರಲಿಲ್ಲ. ಆದರೆ ಒಂದು ಮಾತು ಇವೆಲ್ಲ ಶುರುವಾಗುವ ಮೊದಲೇ ಬಂದಿತ್ತು. ಕರೆದರೆ "ಓ" ಅನ್ನುವುದು. ನಮ್ಮ ಕಡೆ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸುತ್ತೇವೆ. ಗದ್ದೆಯ ಆಚೆಯಿಂದ, ತೋಡಿನ ಬದಿಯಿಂದ, ಎಲ್ಲಿಂದ ಕರೆದರೂ ಮೊದಲು ಓ ಅನ್ನಬೇಕು, ಆಮೇಲೆ ಬರಬೇಕು. ಓ ಅನ್ನದ ಮಗುವಿಗೆ ಬೈಗುಳ ಖಂಡಿತ. ಅದು ಬರೀ ಮರ್ಯಾದೆಯಲ್ಲ ಮಾನ್ಯರೇ. ನಾನಿದ್ದೇನೆ, ಬದುಕಿದ್ದೇನೆ, ನಿನ್ನ ಕಿವಿಗೆ ಸಿಗುವಷ್ಟು ಹತ್ತಿರ ಇದ್ದೇನೆ ಎಂದು ಹೇಳುವುದು.

ಅದರಿಂದ ಪ್ರಯೋಜನವೂ ಆಗಿದೆ. ಒಂದು ಶುಕ್ರವಾರ ಮೆಲನಿಗೆ ಡ್ಯೂಟಿ ಇತ್ತು. ಯೂಸ್ಟೇಸ್, ನಾನು, ಮಗು ಅಬು ಹಮೂರಿನ ಚರ್ಚಿಗೆ ಹೋಗಿದ್ದೆವು. ನಾನು ದೈವ ದೇವರನ್ನು ನಂಬಿದವಳು, ಆದರೂ ಮಗುವಿನ ಜೊತೆ ಹೊರಗೆ ನೆರಳಲ್ಲಿ ಕೂತು ಕೈಮುಗಿಯುವುದು ನನಗೆ ಅಭ್ಯಾಸವಾಗಿತ್ತು. ಪೂಜೆ ಬಿಟ್ಟ ಹೊತ್ತು, ಫಿಲಿಪ್ಪೀನ್ಸಿನವರು, ಮಲಯಾಳಿಗಳು, ನಮ್ಮವರು, ಕಾರುಗಳು, ಬಸ್ಸುಗಳು. ಕೈ ತಪ್ಪಿತು. "ಜೆನೀ!" ಎಂದು ಕೂಗಿದೆ. ಹಿಂದಕ್ಕೆ ಬರುತ್ತಿದ್ದ ಒಂದು ದೊಡ್ಡ ವ್ಯಾನಿನ ಹಿಂದಿನಿಂದ "ಓ" ಎಂದು ಕೇಳಿತು. ಕೂಡಲೇ ನಾನು ವ್ಯಾನಿಗೆ ಕೈಯಿಂದ ಬಡಿದೆ. ಡ್ರೈವರ್ ಬ್ರೇಕ್ ಹಾಕಿದ. ಆ ಒಂದು ಅಕ್ಷರ ಇಲ್ಲದಿದ್ದರೆ ಈ ಕಾಗದ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಕಳೆದ ವರ್ಷ ಮೆಲನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು. ಎರಡು ರಾಜ್ಯಗಳ ಆಸ್ಪತ್ರೆಗಳು ಕರೆದಿದ್ದವು. ಒಂದರಲ್ಲಿ ಚಳಿ ಕಡಿಮೆ, ಅವಳ ಚಿಕ್ಕಮ್ಮನ ಮಗಳೂ ಅಲ್ಲಿದ್ದಳು. ಇನ್ನೊಂದು ನಿಮ್ಮದು, ಹಿಮ ಬೀಳುವ, ಯಾರ ಪರಿಚಯವೂ ಇಲ್ಲದ ಊರು. ಅವಳು ನಿಮ್ಮದನ್ನು ಆರಿಸಿದಳು. "ಹುಚ್ಚು ಹಿಡಿದಿದೆಯಾ ನಿನಗೆ, ಮಗು ಚಳಿಗೆ ಸಾಯುತ್ತದೆ" ಅಂದೆ. ಅವಳು ಹೇಳಿದಳು, "ಸ್ವರ್ಣಕ್ಕ, ಚಳಿಗೆ ಸ್ವೆಟರ್ ಉಂಟು. ಆ ರೈಫಲಿಗೆ ಎಂತ ಹಾಕಲಿ? ಈ ರಾಜ್ಯದಲ್ಲಿ ಅದನ್ನು ಬ್ಯಾನ್ ಮಾಡಿದ್ದಾರೆ." ಜನ ನೀರು ನೋಡಿ, ದಾರಿ ನೋಡಿ, ವಾಸ್ತು ನೋಡಿ ಮನೆ ಹಿಡಿಯುತ್ತಾರೆ. ಆ ಹುಡುಗಿ ನಿಮ್ಮ ಕಾನೂನು ನೋಡಿ ಮನೆ ಹಿಡಿದಳು. ಆಸ್ಪತ್ರೆಯ ಕರಾರಿಗೆ ಸಹಿ ಹಾಕಿದ್ದಾಳೆ, ಇನ್ನು ಕೆಲವು ವರ್ಷ ಅಲ್ಲಿಂದ ಅಲ್ಲಾಡುವ ಹಾಗಿಲ್ಲ. ಇವರು ಹೋಗಿ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ, ಆ ಕಾನೂನೇ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಸುದ್ದಿ ಬಂತು.

ಸೆಮಿ ಆಟೋಮ್ಯಾಟಿಕ್ ಎಂಬ ಮಾತನ್ನು ನಾನು ಮೊದಲು ಕೇಳಿದಾಗ ಇಷ್ಟು ಹೆದರಿಕೆ ಯಾಕೆ ಎಂದೇ ಅರ್ಥವಾಗಲಿಲ್ಲ. ನಮ್ಮ ಬಾಲ್ಕನಿಯಲ್ಲಿ ಒಂದು ಸೆಮಿ ಆಟೋಮ್ಯಾಟಿಕ್ ಉಂಟು, ಬಟ್ಟೆ ಒಗೆಯುವ ಮೆಷಿನು. ನೀರು ನಾನೇ ಹಾಕಬೇಕು, ಬಟ್ಟೆಯನ್ನು ಈ ಡಬ್ಬದಿಂದ ಆ ಡಬ್ಬಕ್ಕೆ ನಾನೇ ಎತ್ತಿ ಹಾಕಬೇಕು, ಸೊಂಟ ನನ್ನದೇ ಮುರಿಯಬೇಕು. ಹಾಗಾಗಿ ಈ ರೈಫಲೂ ಅರ್ಧ ಕೆಲಸ ಕೈಯಲ್ಲೇ ಮಾಡಬೇಕಾದ ನಿಧಾನದ ಸಾಮಾನು ಎಂದುಕೊಂಡೆ. ಯೂಸ್ಟೇಸನಿಗೆ ಫೋನಿನಲ್ಲಿ ಹಾಗೇ ಹೇಳಿದೆ. ಅವನು ನಕ್ಕು ನಕ್ಕು ಸಾಕಾಗಿ, ಆಮೇಲೆ ಹೇಳಿದ, "ಸ್ವರ್ಣಕ್ಕ, ಇದರಲ್ಲಿ ಕೈಯ ಕೆಲಸ ಅಂದರೆ ಬೆರಳು ಎಳೆಯುವುದು ಮಾತ್ರ. ಎಳೆದಷ್ಟು ಸಲ ಗುಂಡು. ತುಂಬುವ ಕೆಲಸ ಅದೇ ಮಾಡಿಕೊಳ್ಳುತ್ತದೆ." ಬಟ್ಟೆ ಒಗೆಯುವ ಹೆಂಗಸಿಗೆ ಇಷ್ಟು ಕಷ್ಟ ಇಟ್ಟವರು, ಕೊಲ್ಲುವವನಿಗೆ ಎಷ್ಟು ಸುಲಭ ಮಾಡಿಕೊಟ್ಟಿದ್ದಾರೆ ನೋಡಿ.

ಈಗ ಶಾಲೆಯ ವಿಷಯ. ಅಲ್ಲಿ ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸುತ್ತಾರೆ. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಉಸಿರು ಕೇಳದ ಹಾಗೆ ಕೂರಬೇಕು. ಬಂದೂಕು ಹಿಡಿದವನೊಬ್ಬ ಶಾಲೆಗೆ ಬಂದಿದ್ದಾನೆ ಎಂದು ತಿಳಿದುಕೊಳ್ಳಬೇಕು. ಜೆನಿಟಾಳ ಕ್ಲಾಸಿನ ಬಾಗಿಲಿಗೆ ಮಕ್ಕಳು ಕೆಂಪು ಕಾಗದದ ಸೇಬುಹಣ್ಣು ಕತ್ತರಿಸಿ ಅಂಟಿಸಿದ್ದರು, ಒಂದೊಂದರಲ್ಲಿ ಒಬ್ಬೊಬ್ಬರ ಹೆಸರು. ಮಕ್ಕಳು ಸುಮ್ಮನೆ ಕೂತಿದ್ದಾರಾ ನೋಡಲು ಹೆಡ್‌ಮಾಸ್ಟರು ಹೊರಗಿನಿಂದ ಹಿಡಿಕೆ ಅಲುಗಾಡಿಸಿದರು. ಎದುರಿಗೇ ಇದ್ದ ಸೇಬು ನೋಡಿ ಒಂದು ಹೆಸರು ಓದಿದರು, "ಜೆನಿಟಾ, ಒಳಗಿದ್ದೀಯಾ?"

ನಮ್ಮ ಮಗು ಓ ಅಂದಿತು.

ಯಾರೂ ಹೊಡೆಯಲಿಲ್ಲ, ಜೋರು ಮಾಡಲೂ ಇಲ್ಲ. ಟೀಚರು ಒಳ್ಳೆಯವಳು, ಚಿಕ್ಕ ಪ್ರಾಯದವಳು. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆತ್ತಗೆ ಹೇಳಿದಳಂತೆ, ನಿಜವಾಗಿಯೂ ಅಂಥವನು ಬಂದಿದ್ದರೆ ನಿನ್ನ ಸ್ವರದಿಂದ ನಾವೆಲ್ಲ ಎಲ್ಲಿದ್ದೇವೆಂದು ಅವನಿಗೆ ಗೊತ್ತಾಗುತ್ತಿತ್ತು, ಆಮೇಲೆ ನಾವು ಯಾರೂ ಇರುತ್ತಿರಲಿಲ್ಲ, ಅಲ್ವಾ? ಬಾಗಿಲಿನ ಸೇಬುಗಳನ್ನೂ ಆವತ್ತೇ ಕಿತ್ತು ತೆಗೆದರಂತೆ. ಓದಲು ಬರುವ ಕೊಲೆಗಾರರೂ ಇರುತ್ತಾರಲ್ಲ!

ಆವತ್ತಿನಿಂದ ಆ ಮಗು ಕರೆದರೆ ಓ ಅನ್ನುವುದಿಲ್ಲ. ಕ್ಲಾಸಿನಲ್ಲಿ ಹಾಜರಿ ಕರೆದರೆ ತಲೆ ತಗ್ಗಿಸುತ್ತದೆ. ಮನೆಯಲ್ಲಿ ಮೆಲನಿ ಊಟಕ್ಕೆ ಕರೆದರೆ ಸದ್ದೇ ಇಲ್ಲ. ಹುಡುಕಿಕೊಂಡು ಹೋದರೆ ಬಟ್ಟೆಯ ಕಪಾಟಿನ ಬದಿಯಲ್ಲಿ ಗೋಡೆಗೆ ಒತ್ತಿ ಕೂತಿರುತ್ತದೆ. ಒಂದು ಶುಕ್ರವಾರ ವೀಡಿಯೋದಲ್ಲಿ ಸಿಕ್ಕಿದಾಗ ನಾನು ಎಂದಿನ ಹಾಗೆ "ಜೆನೀ, ಓ ಜೆನೀ" ಎಂದು ಜೋರಾಗಿ ಕರೆದೆ. ಅದು ಫೋನಿನ ಹತ್ತಿರ ಬಾಯಿ ತಂದು ಗುಟ್ಟಿನಲ್ಲಿ ಹೇಳಿತು, "ಸೊನ್ನಕ್ಕ, ಜೋರಾಗಿ ಹೆಸರು ಹೇಳಬೇಡ. ನಾನು ಎಲ್ಲಿದ್ದೇನೆ ಅಂತ ಗೊತ್ತಾಗ್ತದೆ."

"ಯಾರಿಗೆ ಮಗಾ?" ಅಂದೆ.

"ಅವನಿಗೆ" ಅಂದಿತು.

ಮಾನ್ಯರೇ, ನಮ್ಮಲ್ಲೂ ಓ ಅನ್ನಬೇಡ ಎಂದು ಹೇಳುವ ಒಂದು ಸಂದರ್ಭ ಉಂಟು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಕರೆದರೆ ಮೊದಲ ಕರೆಗೆ ಓ ಅನ್ನಬಾರದು, ಅದು ಪ್ರೇತ ಇರಬಹುದು ಎನ್ನುತ್ತಿದ್ದರು ಹಿರಿಯರು. ಪ್ರೇತಕ್ಕೆ ಮೂರು ಸಲ ಕರೆಯಲಿಕ್ಕೆ ಆಗುವುದಿಲ್ಲವಂತೆ. ಮೂರನೆಯ ಸಲ ಕರೆದರೆ ಮನುಷ್ಯರೇ, ಧೈರ್ಯವಾಗಿ ಓ ಅನ್ನು, ಬಾಗಿಲು ತೆಗೆ. ಓದಿದವರು ಇದನ್ನು ಮೂಢನಂಬಿಕೆ ಎನ್ನುತ್ತಾರೆ, ಎನ್ನಲಿ. ಆದರೆ ನಮ್ಮ ಮೂಢರು ಹೆದರಿದ್ದು ಸತ್ತವರಿಗೆ, ಅದೂ ಕತ್ತಲಲ್ಲಿ, ಅದೂ ಎರಡು ಕರೆಯವರೆಗೆ ಮಾತ್ರ. ನಿಮ್ಮ ಬುದ್ಧಿವಂತರ ದೇಶದಲ್ಲಿ ನಡುಹಗಲು, ಶಾಲೆಯೊಳಗೆ, ಬದುಕಿದ ಮನುಷ್ಯ ಎಷ್ಟು ಸಲ ಕರೆದರೂ ಓ ಅನ್ನಬಾರದು. ಹಾಗಾದರೆ ಮೂಢರು ಯಾರು?

ದಾವೆ ಹಾಕಿದವರ ವಾದವನ್ನೂ ನಾನು ಯೂಸ್ಟೇಸನಿಂದ ಕೇಳಿ ತಿಳಿದುಕೊಂಡಿದ್ದೇನೆ. ಒಂದೇ ಕಡೆಯದ್ದನ್ನು ಕೇಳಿ ಮಾತಾಡಿದಳು ಎಂಬ ಅಪವಾದ ಬೇಡ. ಅವರು ಹೇಳುವುದು, ಈ ರೈಫಲು ಲಕ್ಷಗಟ್ಟಲೆ ಮನೆಗಳಲ್ಲಿದೆ, ಸಾಮಾನ್ಯ ಬಳಕೆಯಲ್ಲಿದೆ, ಸಾಮಾನ್ಯ ಬಳಕೆಯಲ್ಲಿರುವ ಆಯುಧವನ್ನು ನಿಷೇಧಿಸುವ ಹಾಗಿಲ್ಲ. ಎಂಥಾ ವಾದ! ಮೊದಲು ಬೇಕಾದಷ್ಟು ಮಾರಿಬಿಡುವುದು, ಆಮೇಲೆ ಇಷ್ಟೆಲ್ಲ ಮಾರಿ ಆಗಿದೆಯಲ್ಲ, ಇನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಕೇಳುವುದು. ನಾಳೆ ನೀವು ಕಾನೂನಿಗೆ ತಡೆ ಕೊಟ್ಟಿರಿ ಎಂದಿಟ್ಟುಕೊಳ್ಳಿ, ಮರುದಿನ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ಆ ಸಾಲೇ ಮುಂದಿನ ದಾವೆಗೆ ಸಾಕ್ಷಿಯಾಗುತ್ತದೆ, ನೋಡಿ ಎಷ್ಟು ಸಾಮಾನ್ಯ ಎಂದು. ಹಾಗಾದರೆ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಮಕ್ಕಳೂ ಲಕ್ಷಗಟ್ಟಲೆ ಇದ್ದಾರಲ್ಲ, ಅದೂ ಸಾಮಾನ್ಯ ಬಳಕೆಗೆ ಬಂದಾಯಿತೇ? ಅದನ್ನೂ ಇನ್ನು ನಿಲ್ಲಿಸುವ ಹಾಗಿಲ್ಲವೇ?

ಇನ್ನೊಂದು ವಾದ, ಇನ್ನೂರು ವರ್ಷದ ಹಿಂದೆ ಇಂಥ ನಿಷೇಧ ಇತ್ತೇ, ತೋರಿಸಿ ಎನ್ನುವುದು. ಇನ್ನೂರು ವರ್ಷದ ಹಿಂದೆ ಈ ರೈಫಲು ಇತ್ತೇ ಎಂದು ಆ ವಕೀಲರನ್ನು ಯಾರೂ ಕೇಳಲಿಲ್ಲವೇ? ಇಲ್ಲದ ವಸ್ತುವಿಗೆ ನಿಷೇಧ ಎಲ್ಲಿಂದ ತರುವುದು? ಆ ಕಾಲದಲ್ಲಿ ಸಂವಿಧಾನ ಬರೆದ ನಿಮ್ಮ ಹಿರಿಯರ ಮೇಲೆ ನನಗೆ ಗೌರವ ಉಂಟು. ಹಿರಿಯರ ಮಾತು ಮೀರದೆ ಬದುಕಿದವಳು ನಾನು. ಆದರೆ ಸತ್ತ ಹಿರಿಯರನ್ನು ಹೀಗೆ ಬಾಯಿಕಟ್ಟಿ ಸಾಕ್ಷಿಗೆ ನಿಲ್ಲಿಸುವುದು ಅವರಿಗೆ ಮರ್ಯಾದೆಯಲ್ಲ.

ಈ ಹೆಂಗಸಿಗೆ ಬಂದೂಕಿನ ಬಗ್ಗೆ ಏನು ಗೊತ್ತು ಎಂದೀರಿ. ನನ್ನ ಸೋದರಮಾವನ ಮನೆಯಲ್ಲಿ ಬೆಳೆ ಕಾಯುವ ಕೋವಿ ಇತ್ತು, ಲೈಸನ್ಸ್ ಇದ್ದದ್ದು. ಒಂಟಿ ನಳಿಗೆ, ಒಂದು ಸಲಕ್ಕೆ ಒಂದು ತೋಟೆ. ಗುರಿ ತಪ್ಪಿತೆಂದರೆ ಹಂದಿ ಆಚೆ ಗುಡ್ಡೆ ಸೇರಿದ ಮೇಲೆಯೇ ಎರಡನೆಯದ್ದು ತುಂಬಿ ಆಗುತ್ತಿದ್ದದ್ದು. ಚುನಾವಣೆ ಬಂದರೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕಿತ್ತು. ಹಂದಿಗೆ ಓಟು ಮುಗಿಯುವವರೆಗೆ ಕಾಯುವ ಬುದ್ಧಿ ಇಲ್ಲ, ಗೆಣಸಿನ ಸಾಲು ಪೂರಾ ಮಗುಚಿ ಹಾಕುತ್ತಿತ್ತು. ಮಾವ ಠಾಣೆಯವರಿಗೆ ಬೈಯುತ್ತಿದ್ದರು. ಇದರ ಮೇಲೆ ನಮ್ಮ ಜಿಲ್ಲೆಯವರು ಕೋರ್ಟಿಗೂ ಹೋಗಿದ್ದಾರೆ, ಅವರು ಹೋದದ್ದು ಸರಿ ಎಂದೇ ಹೇಳುತ್ತೇನೆ. ಹಾಗಾಗಿ ಕೋವಿಯೇ ಬೇಡ ಎನ್ನುವವಳು ನಾನಲ್ಲ. ಹಂದಿಗೂ ಓಡಿಹೋಗಲು ಒಂದು ಅವಕಾಶ ಇದ್ದ ಕೋವಿ ನನಗೆ ಗೊತ್ತು. ಮಕ್ಕಳಿಗೆ ಅಷ್ಟೂ ಇಲ್ಲದ ಕೋವಿಯನ್ನು ಮಾತ್ರ ಬೇಡ ಎನ್ನುತ್ತೇನೆ.

ಆಯುಧ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು, ಹಕ್ಕು ಎಂದು ಅವರು ಹೇಳುತ್ತಲೇ ಇರುತ್ತಾರೆ. ನಮ್ಮ ಊರಿನಲ್ಲಿ ದೈವಕ್ಕೂ ಆಯುಧ ಉಂಟು, ಕಡ್ಸಲೆ ಎಂಬ ಖಡ್ಗ. ಅದು ಭಂಡಾರದ ಮನೆಯಲ್ಲಿ ಬೀಗದೊಳಗೆ ಇರುತ್ತದೆ. ಹಿರಿಯರು ನಿಂತು, ದೀಪ ಹಚ್ಚಿ, ಊರವರ ಕಣ್ಣೆದುರು ಹೊರಗೆ ಬರಬೇಕು. ದೈವ ಕುಣಿಯುವ ಕೋಲ ಮುಗಿದ ಮೇಲೆ ಎಲ್ಲರ ಕಣ್ಣೆದುರೇ ಒಳಗೆ ಹೋಗಬೇಕು. ದೈವ ಎಷ್ಟೇ ಸಿಟ್ಟಿನದ್ದಾಗಲಿ, ಇದು ನನ್ನ ಹಕ್ಕು, ನನ್ನ ಮಂಚದ ಕೆಳಗೆ ಇಟ್ಟುಕೊಳ್ಳುತ್ತೇನೆ ಎಂದು ಯಾವತ್ತೂ ಹೇಳಿದ್ದಿಲ್ಲ. ದೈವವೇ ಕೇಳದ ಹಕ್ಕನ್ನು ಮನುಷ್ಯರು ಕೇಳುತ್ತಿದ್ದಾರೆ, ನೀವು ತಲೆಯಾಡಿಸುತ್ತಾ ಕೂತಿದ್ದೀರಿ.

ದಾವೆ ಹಾಕಿದವರು ರಾಕ್ಷಸರೇನಲ್ಲ, ಅದೂ ನನಗೆ ಗೊತ್ತು. ಅವರ ಬಂದೂಕು ಸಂಘದ ಒಬ್ಬ ಮೆಲನಿಯ ಪಕ್ಕದ ಮನೆಯಲ್ಲೇ ಇದ್ದಾನೆ. ಇವರು ಹೋದ ದಿನ ಕೇಕು ತಂದುಕೊಟ್ಟ, ಹಿಮ ಬಿದ್ದಾಗ ಇವರ ಅಂಗಳದ್ದನ್ನೂ ಅವನೇ ಎತ್ತಿ ಹಾಕಿದ. "ಒಳ್ಳೆ ಜನ ಸ್ವರ್ಣಕ್ಕ, ಬೈಯಲಿಕ್ಕೆ ಬಾಯಿ ಬರುವುದಿಲ್ಲ" ಎನ್ನುತ್ತಾನೆ ಯೂಸ್ಟೇಸ್. ಅವನು ಯೂಸ್ಟೇಸನಿಗೆ ಹೇಳಿದ್ದು, ನಿಷೇಧ ಇದ್ದರೂ ಶಾಲೆಯಲ್ಲಿ ಆ ಅಭ್ಯಾಸ ನಡೆಯುತ್ತಲೇ ಉಂಟಲ್ಲ, ಹಾಗಾದರೆ ನಿಷೇಧದಿಂದ ಏನು ಸಿಕ್ಕಿತು? ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರವೂ ಕೇಳಿ. ಬಾವಿಗೆ ಕಟ್ಟೆ ಕಟ್ಟಿದ ಮೇಲೂ ಮಕ್ಕಳಿಗೆ ಬಾವಿಯ ಹತ್ತಿರ ಹೋಗಬೇಡಿ ಎಂದು ಹೇಳುತ್ತೇವೆ. ಹೇಳುತ್ತಲೇ ಇದ್ದೀರಲ್ಲ, ಮತ್ತೆ ಕಟ್ಟೆ ಯಾಕೆ, ಒಡೆದು ಹಾಕಿ ಎನ್ನುವವನು ಎಷ್ಟು ಒಳ್ಳೆಯ ಕೇಕು ತಂದುಕೊಟ್ಟರೂ ಅವನ ಮಾತು ಕೇಳಲಾಗುವುದಿಲ್ಲ.

ಇಲ್ಲಿ ರಮ್ಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ತೋಪು ಹಾರಿಸುತ್ತಾರೆ. ಕೆಳಗಿನ ಮನೆಯ ಸುಬೈದಾ ಬಿಟ್ಟ ಕಣ್ಣು ಬಿಟ್ಟ ಹಾಗೆ ಟಿವಿಯಲ್ಲಿ ಅದನ್ನು ಕಾಯುತ್ತಿದ್ದಳು, ಅವಳ ತೊಡೆಯ ಮೇಲೆ ಕೂತು ಜೆನಿಟಾಳೂ ಕಾಯುತ್ತಿದ್ದಳು. ಢಂ ಎಂದರೆ ಸಾಕು, ಖರ್ಜೂರಕ್ಕೆ ಕೈ ಚಾಚುತ್ತಿದ್ದಳು. ಅವಳ ಲೆಕ್ಕದಲ್ಲಿ ಗುಂಡಿನ ಸದ್ದು ಎಂದರೆ ಎಲ್ಲರೂ ಕೂಡಿ ತಿನ್ನುವ ಹೊತ್ತು. ಹೋದ ವಾರ ಸುಬೈದಾ ಕೇಳಿದಳು, "ಮಗುವಿನ ಸುದ್ದಿ ಎಂತ ಸ್ವರ್ಣಕ್ಕ? ಓ ಅಂತದಾ ಈಗ?" ಇಲ್ಲ ಅಂದೆ. ಅವಳು ತನ್ನ ದೇವರ ಹೆಸರು ಹೇಳಿದಳು, ನಾನು ನನ್ನ ದೇವರ ಹೆಸರು ಹೇಳಿದೆ. ಇಬ್ಬರು ದೇವರಿಗೂ ಅರ್ಜಿ ಹೋಗಿದೆ. ಮೆಲನಿಯ ಏಸುವಿಗೆ ಮೊದಲೇ ಹೋಗಿತ್ತು. ಆದರೆ ನಿಷೇಧವನ್ನು ಉಳಿಸುವ ಅಧಿಕಾರ ಈ ಮೂವರಲ್ಲಿ ಯಾರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲಿದೆ ಎನ್ನುವುದೇ ನನ್ನ ಸಂಕಟ.

ಈ ದಾವೆಯಲ್ಲಿ ಮಾತಾಡಲು ನನಗೆ "ಸ್ಟ್ಯಾಂಡಿಂಗ್", ಅಂದರೆ ಕೋರ್ಟಿನ ಮುಂದೆ ನಿಲ್ಲುವ ಹಕ್ಕು, ಇಲ್ಲ ಎಂದು ಇಲ್ಲಿಯ ನಮ್ಮ ಊರವರ ಸಂಘದ ವಕೀಲರೊಬ್ಬರು ಹೇಳಿದರು. ನಾನು ಆ ದೇಶದವಳಲ್ಲ, ಮಗು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ನಷ್ಟ ನನ್ನದಲ್ಲ ಎಂದು ಅರ್ಥವಂತೆ. ರೈಫಲು ಕೊಳ್ಳಲು ಆಗಲಿಲ್ಲ ಎಂದು ಬೇಸರಪಟ್ಟವನಿಗೆ ನಷ್ಟ ಆಗಿದೆ, ಅವನು ನಿಲ್ಲಬಹುದು. ಬಾಯಿಗೆ ಬಂದ ಮೊದಲ ಮಾತನ್ನೇ ಕಳೆದುಕೊಂಡ ಮಗುವಿಗೆ ಯಾವ ನಷ್ಟವೂ ಆಗಿಲ್ಲ, ಅದು ಮೂಲೆಯಲ್ಲಿ ಕೂರಬಹುದು. ನಿಮ್ಮ ಕಾನೂನಿನಲ್ಲಿ ನಿಲ್ಲುವವರು ಯಾರು, ಕೂರುವವರು ಯಾರು ಎಂದು ನನಗೆ ಚೆನ್ನಾಗಿ ಅರ್ಥವಾಯಿತು.

ಆದ್ದರಿಂದ ನನ್ನ ಬೇಡಿಕೆ. ಆ ನಿಷೇಧವನ್ನು ಉಳಿಸಿ. ತೀರ್ಪು ಬರುವವರೆಗೂ ಅದಕ್ಕೆ ಒಂದು ದಿನದ ತಡೆಯನ್ನೂ ಕೊಡಬೇಡಿ.

ಉಳಿಸುವುದಿಲ್ಲ, ರದ್ದೇ ಮಾಡುತ್ತೇವೆ ಎಂದಾದರೆ ಇನ್ನೊಂದು ಕೆಲಸ ಮಾಡಿ. ನೂರಾರು ಪುಟದ ತೀರ್ಪು ಬರೆಯುತ್ತೀರಲ್ಲ, ಅದರ ಕೊನೆಯಲ್ಲಿ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಸಾಲು ಬರೆಯಿರಿ: ಮಕ್ಕಳೇ, ನಿಮ್ಮ ಹೆಸರು ಹಿಡಿದು ಯಾರು ಕರೆದರೂ ಓ ಅನ್ನಬೇಡಿ. ಆ ಮಾತನ್ನು ಚಿಕ್ಕ ಪ್ರಾಯದ ಒಬ್ಬ ಟೀಚರ ಬಾಯಿಂದ ನಿಮ್ಮ ಪರವಾಗಿ ಹೇಳಿಸಬೇಡಿ. ನೀವೇ ಹೇಳಿ. ಕೆಳಗೆ ನೀವೇ ಸಹಿ ಹಾಕಿ.

ಇಂತಿ,
ನಿಮ್ಮ ಕೋರ್ಟಿನ ಲೆಕ್ಕದಲ್ಲಿ ಆ ಮಗುವಿಗೆ ಏನೂ ಅಲ್ಲದವಳು,
ಸ್ವರ್ಣಲತಾ
ಅಲ್ ಮುಂತಜಾ, ದೋಹಾ